ಅಪ್‌ಡೇಟ್: ಲ್ಯಾಪ್‌ಟಾಪಿನಲ್ಲಿ ವಿಡಿಯೊ ತಡವರಿಸುತ್ತಿದ್ದ ಸಮಸ್ಯೆ ಬಗೆಹರಿಯಿತು
ಅದೇ ವೈಫೈ ಬಳಸಿ ಮೊಬೈಲಿನಲ್ಲಿ ಸರಾಗವಾಗಿ ಓಡುವ ಯೂಟ್ಯೂಬ್ ವಿಡಿಯೊ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾತ್ರ 1080ಪಿಯಲ್ಲಿ ತಡವರಿಸುತ್ತದೆ ಎಂದು ಕೇಳಿದ್ದೆ. ರೂಟರ್ ರೀಸ್ಟಾರ್ಟ್ ಮಾಡಿದ್ದರಿಂದಾಗಲಿ, ಬ್ರೌಸರಿನ ಕ್ಯಾಶ್ ಅಳಿಸಿದ್ದರಿಂದಾಗಲಿ ಪ್ರಯೋಜನವಾಗಲಿಲ್ಲ. ವಿಡಿಯೊದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ (ವಿಡಿಯೊದ ತಾಂತ್ರಿಕ ವಿವರಗಳ ಪಟ್ಟಿ) ನೋಡಲು ಹೇಳಿದವರಿಗೆ ಧನ್ಯವಾದಗಳು. ಅಲ್ಲಿ ಬಫರ್ (ಮುಂಚಿತವಾಗಿ ಇಳಿದಿರುವ ವಿಡಿಯೊ) ತುಂಬಿಯೇ ಇತ್ತು, ಅಂದರೆ ತೊಂದರೆ ಇಂಟರ್ನೆಟ್ಟಿನದಲ್ಲ. ಆದರೆ ಡ್ರಾಪ್ ಆದ (ತೋರಿಸದೆ ಬಿಟ್ಟುಹೋದ) ಫ್ರೇಮುಗಳ ಸಂಖ್ಯೆ ಏರುತ್ತಲೇ ಇತ್ತು, ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಡುವ ವಿಧಾನ) ಎದುರು ಎವಿ01, ಅಂದರೆ ಎವಿ1 ಎಂದಿತ್ತು. ಎವಿ1 ವಿಡಿಯೊವನ್ನು ಬಿಡಿಸುವ ಹಾರ್ಡ್‌ವೇರ್ ಹಳೆಯ ಚಿಪ್‌ಗಳಲ್ಲಿ ಇಲ್ಲದ ಕಾರಣ ಪ್ರೊಸೆಸರೇ ಆ ಹೊರೆಯನ್ನೆಲ್ಲ ಹೊತ್ತು ಏದುಸಿರು ಬಿಡುತ್ತಿತ್ತು. (ಫ್ಯಾನಿನ ಅಬ್ಬರಕ್ಕೂ ಇದೇ ಕಾರಣವೆಂದು ನಾನು ಊಹಿಸಿರಲಿಲ್ಲ.) ‘ಎಚ್264ಇಫೈ’ ಎಕ್ಸ್‌ಟೆನ್ಷನ್ ಬ್ರೌಸರಿಗೆ ಹಾಕಿದ ಮೇಲೆ, ಹಳೆಯ ಚಿಪ್‌ಗಳೂ ಸುಲಭವಾಗಿ ಬಿಡಿಸಬಲ್ಲ ಹಳೆಯ ಕೋಡೆಕ್ ಆದ ಎಚ್.264ರಲ್ಲೇ ವಿಡಿಯೊ ಬರುತ್ತಿದ್ದು, ತಡವರಿಕೆ ನಿಂತಿದೆ. ಹೀಗೆ ಮಾಡಿದರೆ 1080ಪಿ ಮೀರಿದ ಗುಣಮಟ್ಟ ಸಿಗುವುದಿಲ್ಲ. ನನ್ನ ಪರದೆಯೇ ಅಷ್ಟರದ್ದಾದ್ದರಿಂದ ನಷ್ಟವೇನಿಲ್ಲ.