ತಾತನ ನೇಗಿಲು ಗುಜರಿಗೆ ಹಾಕಿದ್ದು ಯಾರು?

ಕಳೆದ ಭಾನುವಾರ ‘ನಮ್ಮನೆ ಬಳಗ’ ಗುಂಪಿನಲ್ಲಿ ನಡೆದದ್ದು ಇದು. ಹೆಸರುಗಳನ್ನು ಬದಲಿಸಿದ್ದೇನೆ. ಲಲಿತತ್ತೆ ಟೈಪ್ ಮಾಡುವುದಿಲ್ಲ, ಅವರ ವಾಯ್ಸ್ ಮೆಸೇಜುಗಳನ್ನು ಕುಕ್ಕರ್ ಕೂಗಿದ್ದು ಬಿಟ್ಟು ಬರೆದಿದ್ದೇನೆ.

ಶನಿವಾರ ರಾತ್ರಿ ನವೀನ ಒಂದು ಫೋಟೋ ಹಾಕಿದ್ದ. ವೈಟ್‌ಫೀಲ್ಡಿನಲ್ಲಿ ಕೆಲಸ, ಮಾಗಡಿ ಕಡೆ ಹೊಸದಾಗಿ ಎರಡು ಎಕರೆ, ಸೆಕೆಂಡ್ ಹ್ಯಾಂಡ್ ಪುಟ್ಟ ಟ್ರ್ಯಾಕ್ಟರು. ಫೋಟೋದಲ್ಲಿದ್ದದ್ದು ಟ್ರ್ಯಾಕ್ಟರಿಗೆ ಸಿಗಿಸುವ ಹಳೇ ಎರಡು ರೆಕ್ಕೆ ನೇಗಿಲು (ರೆಕ್ಕೆ ಅಂದರೆ ಮಣ್ಣು ಮಗುಚುವ ಬಾಗಿದ ಹಲಗೆ), ಮೇಲೆ ಕಡುನೀಲಿ ಬಣ್ಣ. ‘18,000 ಹೇಳ್ತಿದ್ದಾರೆ. ತಗೊಂಡು ರಿಪೇರಿ ಮಾಡಿಸ್ಲಾ?’ ಅಂತ ಕೇಳಿದ್ದ. ಬೆಳಗಿನವರೆಗೆ ಒಬ್ಬರೂ ಉಸಿರೆತ್ತಲಿಲ್ಲ. ಆರೂವರೆಗೆ ದೊಡ್ಡಪ್ಪ ಇದನ್ನು ತಂದು ಹಾಕಿದರು:

‘ರೈತ ಬಾಂಧವರೇ ಎಚ್ಚರ!! 1945ರ ನಂತರ ತಯಾರಾದ ಎಲ್ಲ ಕಬ್ಬಿಣದಲ್ಲೂ ಅಣುಬಾಂಬಿನ ವಿಷ ಸೇರಿದೆ. ಹೊಸ ನೇಗಿಲಿನಿಂದ ಉತ್ತ ಭೂಮಿ ಬಂಜರಾಗುತ್ತದೆ. ವಿದೇಶಗಳಲ್ಲಿ ಹಳೇ ನೇಗಿಲನ್ನು ಚಿನ್ನದ ಬೆಲೆಗೆ ಕೊಳ್ಳುತ್ತಿದ್ದಾರೆ. ನಮ್ಮ ಪೂರ್ವಜರಿಗೆ ಇದು ಮೊದಲೇ ಗೊತ್ತಿತ್ತು. ಕನಿಷ್ಠ ಹತ್ತು ಜನರಿಗೆ ಕಳುಹಿಸಿ.’

ದೊಡ್ಡಪ್ಪ: ನವೀನ, ಇದನ್ನು ಓದು. ಹಳೆಯದನ್ನೇ ತೆಗೆದುಕೋ.

ಲಲಿತತ್ತೆ: 🙏🙏🌹

ಕಾವ್ಯ: ದೊಡ್ಡಪ್ಪ, ಇದು ಎಲ್ಲಿಂದ ಬಂತು?

ದೊಡ್ಡಪ್ಪ: ನಮ್ಮ ವಾಕಿಂಗ್ ಗುಂಪಿನಿಂದ. ಅಲ್ಲಿರುವವರೆಲ್ಲ ನಿವೃತ್ತ ಅಧಿಕಾರಿಗಳು.

ಕಾವ್ಯ: ಅವರಿಗೆ ಎಲ್ಲಿಂದ ಬಂತು ಅಂತ. ಇದರಲ್ಲಿ ಕಾಲು ಭಾಗ ನಿಜ, ಅದಕ್ಕೇ ಜನ ನಂಬೋದು. 1945ರಿಂದ ಆಚೆ ಬಾಂಬ್ ಪರೀಕ್ಷೆಗಳಾಗಿ ಗಾಳಿಗೆ ವಿಕಿರಣದ ಧೂಳು ಸೇರ್ತು. ಉಕ್ಕು ಕಾಯಿಸೋ ಕುಲುಮೆಗೆ ಅದೇ ಗಾಳಿ ಊದೋದು, ಹಂಗಾಗಿ ಉಕ್ಕಿಗೂ ಚೂರು ಸೇರ್ತು. ಆ ಚೂರು ಅಡ್ಡ ಬರ್ತಿದ್ದಿದ್ದು ವಿಕಿರಣ ಅಳೆಯೋ ಸೂಕ್ಷ್ಮ ಯಂತ್ರಗಳಿಗೆ. ಅವುಗಳಿಗೆ ಅಂತ 1919ರಲ್ಲಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋನಲ್ಲಿ ಮುಳುಗಿದ ಜರ್ಮನ್ ಯುದ್ಧನೌಕೆಗಳ ಉಕ್ಕು ಎತ್ತಿ ಬಳಸಿದ್ರು. ನೇಗಿಲಿಗೂ ಅದಕ್ಕೂ ಏನೂ ಸಂಬಂಧ ಇಲ್ಲ.

ಗಿರೀಶ ಚಿಕ್ಕಪ್ಪ: ಅಣ್ಣ, ನೀನು ಹುಟ್ಟಿದ್ದು 1950. ನಿನ್ನಲ್ಲೂ ಬಾಂಬಿದೆ 😂

ದೊಡ್ಡಪ್ಪ: ಎಲ್ಲದಕ್ಕೂ ಹಾಸ್ಯ ಒಳ್ಳೆಯದಲ್ಲ ಗಿರೀಶ. ಕಾವ್ಯ, ಹಿರಿಯರು ಏನೋ ಒಳ್ಳೆಯದಕ್ಕೆ ಹೇಳುತ್ತಾರೆ. ಅರಿಶಿನದ ವಿಷಯದಲ್ಲೂ ನೀನು ಹೀಗೇ ಎಲ್ಲರ ಮುಂದೆ ನನ್ನನ್ನು ಅವಮಾನಿಸಿದ್ದೆ.

(ಅರಿಶಿನದ ವಿಷಯ ಹಳೇ ಫಾರ್ವರ್ಡು. ಅದರ ಬಗ್ಗೆ ಬರೆಯಹೊರಟರೆ ಇನ್ನೊಂದು ಭಾನುವಾರ ಬೇಕು.)

ಕಾವ್ಯ: ಅವಮಾನ ಅಲ್ಲ ದೊಡ್ಡಪ್ಪ. ಲಕ್ಷ್ಮಣರಾವ್ ಕಿರ್ಲೋಸ್ಕರ್ ನೆನಪಿದ್ಯಾ? ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. ಅವರು ಕಬ್ಬಿಣದ ನೇಗಿಲು ಮಾಡಿದಾಗ ರೈತರು ಮುಟ್ಟಲಿಲ್ಲ, ಕಬ್ಬಿಣ ತಗುಲಿದ್ರೆ ಭೂಮಿಗೆ ವಿಷ ಅಂದ್ರು. ಆಗ ಕಬ್ಬಿಣವೇ ವಿಷ, ಈಗ ಹೊಸ ಕಬ್ಬಿಣ ಮಾತ್ರ ವಿಷ.

ದೊಡ್ಡಪ್ಪ: ಕಿರ್ಲೋಸ್ಕರ್ ಅವರು ಹಿರಿಯರಿಗೆ ಎದುರು ಮಾತಾಡುತ್ತಿರಲಿಲ್ಲ.

ಇದು ದೊಡ್ಡಪ್ಪನಿಗೆ ಹೇಗೆ ಗೊತ್ತು ಅಂತ ಯಾರೂ ಕೇಳಲಿಲ್ಲ. ಕೇಳುವಷ್ಟರಲ್ಲಿ ಮೈಸೂರಿನ ರವಿಯಣ್ಣ ಎದ್ದಿದ್ದ. ಅವನು ಎದ್ದನೆಂದರೆ ಯಾವ ವಿಷಯವಾದರೂ ಸೀದಾ ಊರಿಗೆ ಹೋಗುತ್ತದೆ.

ರವಿಯಣ್ಣ: ಆಹಾ, ತಾತನ ಎಚ್‌ಎಂಟಿ 2511 ಟ್ರ್ಯಾಕ್ಟರು! ಮಡ್‌ಗಾರ್ಡ್ ಮೇಲೆ ನಾನೂ ಗಿರೀಶ ಚಿಕ್ಕಪ್ಪನೂ ಕೂತ್ಕೋತಿದ್ವಿ. ಉಕ್ಕೆ ಶುರುವಾದ್ರೆ ಸಾಕು, ಬೆಳ್ಳಕ್ಕಿ ಹಿಂಡು ಸಾಲು ಹಿಡ್ಕೊಂಡೇ ಬರೋದು, ಮಣ್ಣು ಮಗುಚಿದ ಕಡೆ ಹುಳ ಹೆಕ್ಕೋಕೆ. ಸಂಜೆ ತಾತ ನೇಗಿಲು ತೊಳೆದು, ರೆಕ್ಕೆಗೆ ಸುಟ್ಟ ಆಯಿಲ್ ಬಳಿದು, ಗೋಣಿಚೀಲ ಸುತ್ತಿ ಇಡೋರು. ಬೆಳಿಗ್ಗೆ ಚೀಲ ತೆಗೆದ್ರೆ ರೆಕ್ಕೆಯಲ್ಲಿ ಮುಖ ಕಾಣೋದು. ನಾನು ಅದರಲ್ಲೇ ನೋಡ್ಕೊಂಡು ತಲೆ ಬಾಚಿದ್ದೀನಿ ಕಣ್ರೋ. ಅಂಥ ನೇಗಿಲು ಎಲ್ಲೋಯ್ತೋ.

ಕಾವ್ಯ: ಅಂದಹಾಗೆ ಎಚ್‌ಎಂಟಿ ಟ್ರ್ಯಾಕ್ಟರ್ ಬಂದಿದ್ದೇ 1971ರಲ್ಲಿ. ಈ ಫಾರ್ವರ್ಡ್ ಪ್ರಕಾರ ತಾತನ ನೇಗಿಲೂ ವಿಷದ್ದೇ.

ನವೀನ: ಯಾರಾದ್ರೂ ನನ್ನ ಫೋಟೋ ನೋಡಿದ್ರಾ??

ಕಾವ್ಯ: ನೋಡ್ದೆ. ಬಣ್ಣ ಹೊಸದು, ಅದೇ ಅನುಮಾನ. ಬಣ್ಣದ ಕೆಳಗೆ ಬಿರುಕಿರಬಹುದು, ಮೆತ್ತಿದ ಪುಟ್ಟಿ ಇರಬಹುದು, ಬೆಸುಗೆ ಇರೋ ಕಡೆ ಕೆರೆದು ನೋಡು. ಎರಡೂ ಗುಳದ, ಅಂದ್ರೆ ಮಣ್ಣು ಸೀಳೋ ಅಲಗಿನ, ತುದಿಯಿಂದ ಮೇಲಿನ ಫ್ರೇಮಿಗೆ ದಾರ ಹಿಡಿದು ಅಳತೆ ತಗೋ. ಹೆಚ್ಚುಕಮ್ಮಿ ಬಂದ್ರೆ ಯಾವತ್ತೋ ಬಂಡೆಗೆ ಹೊಡೆದು ಕಾಲು ಬಗ್ಗಿರೋ ಮಾಲು. ಗುಳ ಸವೆದಿದ್ರೆ ತಲೆ ಕೆಡಿಸ್ಕೋಬೇಡ, ಅದು ಇರೋದೇ ಸವೆಯೋಕೆ, ಹೊಸದು ಹಾಕ್ಕೋಬಹುದು. ರೆಕ್ಕೆ ಮೇಲೆ ತೆಳ್ಳಗೆ ತುಕ್ಕಿದ್ರೆ ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ಉಜ್ಜಿಸು, ಆಮೇಲೆ ಮರಳು ಮಣ್ಣಲ್ಲಿ ನಾಲ್ಕು ಸಾಲು ಹೊಡೆದ್ರೆ ಮಣ್ಣೇ ಪಾಲಿಶ್ ಮಾಡುತ್ತೆ. ಗುಳಿ ಗುಳಿ ಬಿದ್ದಿದ್ರೆ ಮಾತ್ರ ಬೇಡ. ಮಣ್ಣು ಅಂಟ್ಕೊಳ್ಳುತ್ತೆ, ಮಗುಚಲ್ಲ.

ಕಾವ್ಯ: ಬೋಲ್ಟು ಕಚ್ಕೊಂಡಿದ್ರೆ ಸುತ್ತಿಗೆ ತಗೋಬೇಡ. ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಡು, ಆಗಲೂ ಬರದಿದ್ರೆ ನಟ್ಟು ಕಾಯಿಸಿ ತೆಗೆಸು. ಹೊಸ ಬೋಲ್ಟ್ ಹಾಕುವಾಗ ತಲೆ ರೆಕ್ಕೆಯೊಳಗೆ ಇಳಿದು ಕೂರೋ ನೇಗಿಲು ಬೋಲ್ಟೇ ಬೇಕು, ಮಾಮೂಲಿ ಬೋಲ್ಟಿನ ತಲೆ ಎದ್ದು ನಿಂತು ಮಣ್ಣು ತಡೆಯುತ್ತೆ. ಎಲ್ಲಾದ್ರೂ ಸೀಳಿದ್ರೆ ಗ್ರೈಂಡರ್ ಮುಟ್ಟಿಸಿ ಕಿಡಿ ನೋಡು. ಉದ್ದಕ್ಕೆ ಬೆಳ್ಳಗೆ ಹಾರಿದ್ರೆ ಉಕ್ಕು. ಗಿಡ್ಡಕ್ಕೆ ಕೆಂಪಗೆ ಬಿದ್ರೆ ಬೀಡು, ಅಂದ್ರೆ ಎರಕದ ಕಬ್ಬಿಣ. ಬೀಡಿಗೆ ಮೊದಲೇ ಬಿಸಿ ಕೊಟ್ಟು ನಿಕ್ಕಲ್ ರಾಡಲ್ಲಿ ಬೆಸುಗೆ ಹಾಕಬೇಕು. ಮಾಮೂಲಿ ರಾಡ್ ಹಾಕಿದ್ರೆ ಪಕ್ಕದಲ್ಲೇ ಮತ್ತೆ ಸೀಳುತ್ತೆ.

ಪೀಣ್ಯದ ವರ್ಕ್‌ಶಾಪಿನಲ್ಲಿ ದಿನವಿಡೀ ಇದೇ ಕೆಲಸ ನೋಡುವವಳು ಕಾವ್ಯ. ಇಡೀ ಬೆಳಗ್ಗೆ ಗುಂಪಿಗೆ ಬಂದ ಉಪಯೋಗದ ಮಾತು ಇವೆರಡೇ ಮೆಸೇಜು. ಇವುಗಳ ಕೆಳಗೆ ಬಂದ ಮೊದಲ ಉತ್ತರ:

ದೊಡ್ಡಪ್ಪ: ರವಿ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಆ ನೇಗಿಲು ಎಲ್ಲಿ ಹೋಯಿತೆಂದು ಗಿರೀಶ ಹೇಳಲಿ.

ಗಿರೀಶ ಚಿಕ್ಕಪ್ಪ: ಮತ್ತೆ ಶುರುವಾಯ್ತು.

ದೊಡ್ಡಪ್ಪ: ಭಾಗ ಆದ ವರ್ಷ ಶೆಡ್ಡಿನ ಬೀಗದ ಕೈ ಯಾರ ಹತ್ತಿರ ಇತ್ತು?

ಗಿರೀಶ ಚಿಕ್ಕಪ್ಪ: ನನ್ನ ಹತ್ರಾನೇ ಇತ್ತು. ನೀನು ರಾಜಾಜಿನಗರದಲ್ಲಿ ಕೂತು ‘ಏನಾದ್ರೂ ಮಾಡ್ಕೊ’ ಅಂದೆ, ನಾನು ಮಾಡ್ದೆ. ತೂಕಕ್ಕೆ ಹಾಕ್ದೆ. ಆ ದುಡ್ಡು ಅಪ್ಪನ ವರ್ಷದ ತಿಥಿಗೆ ಸರಿಹೋಯ್ತು. ಊಟಕ್ಕೆ ಬಂದಾಗ ಯಾರೂ ಲೆಕ್ಕ ಕೇಳಲಿಲ್ಲ.

ರವಿಯಣ್ಣ: ಆ ತಿಥಿಯ ಒಬ್ಬಟ್ಟು ಮಾತ್ರ ಚೆನ್ನಾಗಿತ್ತು.

ದೊಡ್ಡಪ್ಪ: ತೂಕಕ್ಕೆ! ತಂದೆಯ ನೇಗಿಲನ್ನು ತೂಕಕ್ಕೆ!

ನವೀನ: ಕಾವ್ಯಕ್ಕ, ನೇಗಿಲನ್ನ ಟ್ರ್ಯಾಕ್ಟರಿಗೆ ಸಿಗಿಸೋ ಪಿನ್ನು ಅಳೆದೆ. ಕೆಳಗಿನದು 28 ಎಂಎಂ ಇದೆ. ನನ್ನ ಗಾಡಿ ತೋಳಿನ ತೂತು 22ರದ್ದು.

ಕಾವ್ಯ: ಕೂರಲ್ಲ. ಉಲ್ಟಾ ಇದ್ದಿದ್ರೆ ಸಂದಿ ತುಂಬೋಕೆ ಬುಶ್ ಹಾಕ್ಕೋಬಹುದಿತ್ತು. ಈಗ ಪಿನ್ನೇ ಬದಲಾಯಿಸ್ಬೇಕು.

ಇಷ್ಟು ಹೊತ್ತು ನೀಲಿ ಟಿಕ್ ಬಿಟ್ಟರೆ ಸುಳಿವೇ ಇಲ್ಲದವರು ಲಲಿತತ್ತೆಯ ಯಜಮಾನರು. ಊರಲ್ಲೇ ಇರುವವರು, ನಮ್ಮಲ್ಲಿ ಇನ್ನೂ ಹೊಲ ಉಳುತ್ತಿರುವವರು ಅವರೊಬ್ಬರೇ.

ಶಿವಣ್ಣ ಮಾವ: ನವೀನ ಗಾಡಿ ಎಷ್ಟು ಎಚ್‌ಪಿ

ನವೀನ: 18 ಮಾವ.

ಶಿವಣ್ಣ ಮಾವ: ಎರಡು ರೆಕ್ಕೆ ಎಳೆಯಲ್ಲ. ಮೂತಿ ಎತ್ತುತ್ತೆ. ಬಿಡು

ಮೂರು ಗಂಟೆಯ ಚರ್ಚೆಯಲ್ಲಿ ಈ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ, ಕಾವ್ಯಳಿಗೂ. ಇದರ ಹಿಂದೆಯೇ ಮಾವ ಒಂದು ಫೋಟೋ ಹಾಕಿದರು. ಹೊಂಗೆಮರದ ಕೆಳಗೆ ಎರಡು ರೆಕ್ಕೆ ನೇಗಿಲು, ರೆಕ್ಕೆಗೆ ಗೋಣಿಚೀಲ. ಫ್ರೇಮಿನ ಮೇಲೆ ವೆಲ್ಡಿಂಗ್ ರಾಡಲ್ಲಿ ದಪ್ಪಗೆ ಎಳೆದ ಎರಡಕ್ಷರ, ‘ಕೆ. ನಂ.’ ನಮ್ಮ ತಾತನ ಹೆಸರಿನ ಮೊದಲಕ್ಷರಗಳು.

ರವಿಯಣ್ಣ: ಅಯ್ಯೋ! ಇದು ತಾತಂದು!!

ಗಿರೀಶ ಚಿಕ್ಕಪ್ಪ: ಭಾವ, ಇದು ನಿಮ್ಮಲ್ಲಿಗೆ ಹೆಂಗೆ ಬಂತು?

ಶಿವಣ್ಣ ಮಾವ: ಗುಜರಿಯವನ ಹತ್ರ ಅವತ್ತೇ ಬಿಡಿಸ್ಕೊಂಡೆ. ಅವನು ಕೇಳಿದ ರೇಟು ಕೊಟ್ಟೆ. ಗುಳ ಎಷ್ಟು ಸಲ ಹಾಕ್ಸಿದೀನೋ ಲೆಕ್ಕ ಇಲ್ಲ. ಒಂದು ರೆಕ್ಕೆ ಕಲ್ಲಿಗೆ ಹೊಡೆದು ಹೋಯ್ತು, ಆಮೇಲೆ ಇನ್ನೊಂದೂ ಹೊಸದು ಹಾಕ್ಸಿದೆ. ಪಿನ್ನು ನಾನು ಹಾಕ್ಸಿದ್ದು. ನಿಮ್ಮಪ್ಪಾರದ್ದು ಅಂತ ಇರೋದು ಫ್ರೇಮು

ದೊಡ್ಡಪ್ಪ: ಲಲಿತ, ನಿನಗೆ ಇದು ಗೊತ್ತಿತ್ತೇ?

ಲಲಿತತ್ತೆ (ವಾಯ್ಸ್): ಗೊತ್ತಿಲ್ದೆ ಏನು, ವರ್ಷಾ ಆಯುಧಪೂಜೆಗೆ ಕುಂಕುಮ ಇಡೋಳು ನಾನು. ಅಪ್ಪನ ಮನೆಯಿಂದ ನನಗೆ ಅಂತ ಬಂದಿದ್ದು ಅದೊಂದೇ. ಅದೂ ದುಡ್ಡು ಕೊಟ್ಟು.

ಹತ್ತು ನಿಮಿಷ ಗುಂಪಿನಲ್ಲಿ ಏನೂ ಬರಲಿಲ್ಲ. ದೊಡ್ಡಪ್ಪ ಟೈಪಿಂಗ್ ಅಂತ ತೋರಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತೋರಿಸುತ್ತಿತ್ತು.

ನವೀನ: ಮಾವ, ಹಂಗಾದ್ರೆ ನೀವೇ ಬಂದು ಹೊಡೆದುಕೊಡ್ತೀರಾ?

ಶಿವಣ್ಣ ಮಾವ: ಮಳೆ ಬೀಳ್ಲಿ. ಹದ ನೋಡ್ಕೊಂಡು ಬರ್ತೀನಿ. ಗಂಟೆ ಲೆಕ್ಕ

ನವೀನ: ಮನೆಯವರಿಗೂ ಗಂಟೆ ಲೆಕ್ಕಾನಾ 😅

ದೊಡ್ಡಪ್ಪ: ಪಿತ್ರಾರ್ಜಿತ ನೇಗಿಲಿನಿಂದ ಬಾಡಿಗೆ ಪಡೆಯುವುದಾದರೆ ಅದರಲ್ಲಿ ಎಲ್ಲರಿಗೂ ಪಾಲು ಬರಬೇಕಲ್ಲವೇ? ಸುಮ್ಮನೆ ಧರ್ಮದ ಮಾತು ಹೇಳಿದೆ.

‘ಲಲಿತತ್ತೆ ಗುಂಪು ತೊರೆದಿದ್ದಾರೆ’ ಎಂದು ಸ್ಕ್ರೀನ್ ಮೇಲೆ ಬಂತು. ಗುಂಪಿನ ಅಡ್ಮಿನ್ ನಾನು. ಸಂಜೆ ಅವರಿಗೆ ಫೋನ್ ಮಾಡಿ, ಅರ್ಧ ಗಂಟೆ ಬೈಸಿಕೊಂಡು, ವಾಪಸ್ ಸೇರಿಸಿದೆ. ಬಂದವರೇ ಹಾಕಿದ ಮೊದಲ ವಾಯ್ಸ್ ಮೆಸೇಜು: ‘ನವೀನ, ಡೀಸೆಲ್ ನಿಂದು. ಮಧ್ಯಾಹ್ನದ ಊಟಾನೂ ನಿಂದೇ.’