38 ಕೋಟಿಯ ಪೈಲಟ್: ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ

ದೊಡ್ಡಪ್ಪ (ಫಾರ್ವರ್ಡ್ ಮಾಡಿದ ಕಾರ್ಡ್): ಇಂಜಿನಿಯರ್ ಯಾಕೆ, ಪೈಲಟ್ ಆಗಿ! ತಿಂಗಳಿಗೆ 8 ಲಕ್ಷ! 65 ವರ್ಷದವರೆಗೆ ಕೆಲಸ! ಜೀವಮಾನದ ಗಳಿಕೆ 38 ಕೋಟಿ!!

ದೊಡ್ಡಪ್ಪ: ಅಭಿ, ನೋಡಪ್ಪ. ಸಿಇಟಿ, ಕಾಮೆಡ್‌ಕೆ ಅಂತ ಯಾಕೆ ಒದ್ದಾಡುತ್ತೀಯ?

ಅಭಿ: ನಾನು ಅಪ್ಪನಿಗೆ ಹೇಳುತ್ತಿರುವುದೂ ಇದನ್ನೇ ದೊಡ್ಡಪ್ಪ

ಚಿಕ್ಕಪ್ಪ (ಅಭಿಯ ಅಪ್ಪ): ಅಣ್ಣ, ಹಾಕುವ ಮುಂಚೆ ನನಗೊಂದು ಫೋನ್ ಮಾಡಬಾರದಿತ್ತಾ?

ಅತ್ತೆ: ಆ 38 ಎಲ್ಲಿಂದ ಬಂತು ಅಂತ ಗೊತ್ತಾಯಿತು. 8 ಲಕ್ಷ ಇಂಟು 12, 96 ಲಕ್ಷ. ಅದನ್ನು 40 ವರ್ಷಕ್ಕೆ ಗುಣಿಸಿದ್ದಾರೆ. ಅಂದರೆ ಹುಡುಗ 25ಕ್ಕೆ ಕೆಲಸಕ್ಕೆ ಸೇರಿದ ದಿನವೇ ಹಿರಿಯ ಕ್ಯಾಪ್ಟನ್! ನನ್ನ ಹತ್ತನೇ ಕ್ಲಾಸಿನ ಮಕ್ಕಳು ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ದೊಡ್ಡಪ್ಪ: ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ ಕಣಮ್ಮ. ಎಲ್ಲದಕ್ಕೂ ಕೆಂಪು ಪೆನ್ನು ಹಿಡಿಯಬೇಡ.

ಡಲ್ಲಾಸ್ ಭಾವ: ಮಾವ ಹೇಳಿದ್ದು ಪೂರ್ತಿ ತಪ್ಪಲ್ಲ. ಅಮೆರಿಕದ ಲೆಕ್ಕದಲ್ಲಿ 38 ಕೋಟಿ ಕಮ್ಮಿಯೇ ಆಯಿತು. ಇಲ್ಲಿನ ಸರ್ಕಾರದ ಅಂಕಿ ಪ್ರಕಾರ 2024ರ ಮೇನಲ್ಲಿ ಏರ್‌ಲೈನ್ ಪೈಲಟ್‌ಗಳ ಮಧ್ಯದ ಸಂಬಳ ವರ್ಷಕ್ಕೆ 2,26,600 ಡಾಲರ್. ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ ಬರುತ್ತದೆ. 2023ರಲ್ಲಿ ಡೆಲ್ಟಾ ಏರ್‌ಲೈನ್ ನಾಲ್ಕು ವರ್ಷದ ಒಪ್ಪಂದದಲ್ಲಿ ಪೈಲಟ್ ಸಂಬಳ ಶೇ. 34 ಏರಿಸಿತು. ಯುನೈಟೆಡ್, ಅಮೆರಿಕನ್ ಕೂಡ ಹಿಂದೆಯೇ ಬಂದವು. ದೊಡ್ಡ ವಿಮಾನದ ಹಿರಿಯ ಕ್ಯಾಪ್ಟನ್‌ಗೆ ಗಂಟೆಗೆ 400 ಡಾಲರ್ ದಾಟಿದೆ. ರೂಪಾಯಿಗೆ ತಿರುಗಿಸಿದರೆ ಇಪ್ಪತ್ತು ವರ್ಷದಲ್ಲೇ 38 ಕೋಟಿ.

ಅಭಿ: ಭಾವ!!!

ಚಿಕ್ಕಮ್ಮ: ರಮ್ಯಾ ಎಲ್ಲಿ? ಮನೆಯಲ್ಲೇ ಒಬ್ಬಳು ಪೈಲಟ್ ಇದ್ದಾಳೆ, ಅವಳನ್ನು ಯಾರೂ ಕೇಳುವುದೇ ಇಲ್ಲ.

ರಮ್ಯಾ: ಈಗ ಇಳಿದೆ ಚಿಕ್ಕಮ್ಮ. ಎಲ್ಲಾ ಓದಿದೆ.

ರಮ್ಯಾ: ಭಾವ, ಅಲ್ಲಿ ಕೆಲಸ ಮಾಡುವ ಹಕ್ಕಿಲ್ಲದ ನಮ್ಮಂಥವರನ್ನು ಅಮೆರಿಕದ ದೊಡ್ಡ ಕಂಪನಿಗಳು ತೆಗೆದುಕೊಳ್ಳುವುದಿಲ್ಲ. ಗ್ರೀನ್ ಕಾರ್ಡ್ ಬೇಕು. ಮೇಲಾಗಿ 1500 ಗಂಟೆ ಹಾರಾಟ ಬೇಕು. ಇಲ್ಲಿ 200 ಗಂಟೆಗೆ ಲೈಸೆನ್ಸ್ ತೆಗೆದುಕೊಂಡು ಕೋ-ಪೈಲಟ್ ಆಗಬಹುದು, ಅಲ್ಲಿ ಆಗುವುದಿಲ್ಲ. ನೀವು ಹೇಳಿದ್ದು ಒಳ್ಳೆಯ ಕಾಲದ ಸಂಬಳ. ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿದ ಸಲ್ಲೆನ್‌ಬರ್ಗರ್ ನೆನಪಿದ್ದಾರಾ? ಅದು 2009ರ ಜನವರಿ. ಮುಂದಿನ ತಿಂಗಳೇ ಅವರು ಅಮೆರಿಕದ ಸಂಸತ್ತಿನ ಮುಂದೆ ಕೂತು ತಮ್ಮ ಸಂಬಳ ಶೇ. 40 ಕಡಿತ ಆಗಿದೆ, ಪಿಂಚಣಿ ಯೋಜನೆಯೂ ರದ್ದಾಗಿದೆ ಅಂತ ಹೇಳಿದರು. ಇಡೀ ಜಗತ್ತು ಕೊಂಡಾಡುತ್ತಿದ್ದ ಕ್ಯಾಪ್ಟನ್ ಅವರು.

ಡಲ್ಲಾಸ್ ಭಾವ: ಹೌದು, 2001ರ ನಂತರ ಇಲ್ಲಿನ ಕಂಪನಿಗಳು ಸಾಲಾಗಿ ದಿವಾಳಿ ಅರ್ಜಿ ಹಾಕಿದವು. ಯುನೈಟೆಡ್ 2002, ಡೆಲ್ಟಾ 2005, ಅಮೆರಿಕನ್ 2011. ಆದರೆ ಈಗ ಪರಿಸ್ಥಿತಿ ಬೇರೆ ರಮ್ಯಾ.

ರಮ್ಯಾ: 2000ದಲ್ಲಿ ಸೇರಿದವರೂ ಹಾಗೇ ಅಂದುಕೊಂಡಿದ್ದರು ಭಾವ.

ದೊಡ್ಡಪ್ಪ: ಅಂದರೆ ನೀನು ಹಾರಬಹುದು, ತಮ್ಮ ಹಾರಬಾರದು. ಹಾಗೆ ತಾನೇ?

ರಮ್ಯಾ: ದೊಡ್ಡಪ್ಪ, ಬೇಡ ಅಂತ ನಾನೆಲ್ಲಿ ಅಂದೆ? ಅಭಿ ಬರಲಿ. ಆದರೆ ಕ್ಯಾಪ್ಟನ್‌ಗೆ ಎಷ್ಟು ಬರುತ್ತದೆ ಅಂತ ಕೇಳಿದರೆ ಸಾಲದು. ನಮ್ಮಲ್ಲಿ ಎಲ್ಲಾ ನಿಂತಿರುವುದು ಸೀನಿಯಾರಿಟಿ ಪಟ್ಟಿಯ ಮೇಲೆ, ಅಂದರೆ ಕಂಪನಿಗೆ ಯಾರು ಮೊದಲು ಸೇರಿದರು ಅನ್ನುವುದರ ಮೇಲೆ. ಕೋ-ಪೈಲಟ್ ಶುರುವಿನಲ್ಲಿ ತಿಂಗಳಿಗೆ ಒಂದೂವರೆ ಲಕ್ಷದಿಂದ, ಆಮೇಲೆ ಎರಡೂವರೆ, ಮೂರರವರೆಗೆ ಹೋಗಬಹುದು. ಎಡಗಡೆ ಸೀಟಿಗೆ, ಅಂದರೆ ಕ್ಯಾಪ್ಟನ್ ಸೀಟಿಗೆ ಹೋದ ದಿನ ಅದು ಎರಡು ಪಟ್ಟು, ಕೆಲವು ಕಡೆ ಇನ್ನೂ ಜಾಸ್ತಿ. ಆ ದಿನ ಯಾವಾಗ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಕಂಪನಿ ಹೊಸ ವಿಮಾನ ತಂದರೆ ಬೇಗ. ಇಲ್ಲದಿದ್ದರೆ ಮೇಲಿನವರು ನಿವೃತ್ತರಾಗುವ ತನಕ ಬಲಗಡೆಯೇ ಕೂರಬೇಕು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟವು. ಅದಕ್ಕೆ ಸ್ವಲ್ಪ ಮುಂಚೆ ಪಟ್ಟಿಗೆ ಸೇರಿದವರು ಅದೃಷ್ಟವಂತರು. 2008ರ ಸುಮಾರಿಗೆ ಲೈಸೆನ್ಸ್ ತೆಗೆದುಕೊಂಡ ಎಷ್ಟೋ ಜನ ವರ್ಷಗಟ್ಟಲೆ ಮನೆಯಲ್ಲಿ ಕೂತರು. 2012ರಲ್ಲಿ ಕಿಂಗ್‌ಫಿಷರ್ ನಿಂತಿತು, 2019ರಲ್ಲಿ ಜೆಟ್, 2023ರಲ್ಲಿ ಗೋ ಫಸ್ಟ್. ಅಲ್ಲಿದ್ದ ಕೋ-ಪೈಲಟ್‌ಗಳು ಬೇರೆ ಕಡೆ ಹೋಗಿ ಮತ್ತೆ ಪಟ್ಟಿಯ ತಳದಿಂದ ಹತ್ತಬೇಕಾಯಿತು.

ರಮ್ಯಾ: ಇನ್ನೊಂದು. ಸಂಬಳದಲ್ಲಿ ದೊಡ್ಡ ಪಾಲು ಹಾರಿದ ಗಂಟೆಯ ಮೇಲೆ ಬರುತ್ತದೆ. ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರಲು ನಿಯಮವೇ ಬಿಡುವುದಿಲ್ಲ. ಕೋವಿಡ್‌ನಲ್ಲಿ ವಿಮಾನವೇ ಹಾರಲಿಲ್ಲ. ಎಷ್ಟು ಬಂದಿರಬಹುದು ನೀವೇ ಯೋಚಿಸಿ.

ದೊಡ್ಡಪ್ಪ: 2025ರ ಡಿಸೆಂಬರ್‌ನಲ್ಲಿ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದವಲ್ಲ? ಪೈಲಟ್ ಕೊರತೆ ಅಂತ ಪೇಪರಿನಲ್ಲೇ ಬಂದಿತ್ತು. ಕೊರತೆ ಇದ್ದರೆ ಕೆಲಸ ಸಿಗಲೇಬೇಕು!

ರಮ್ಯಾ: ಅದು ಹೊಸ ವಿಶ್ರಾಂತಿ ನಿಯಮ ಬಂದಿದ್ದರಿಂದ ದೊಡ್ಡಪ್ಪ. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ರಾತ್ರಿ ಲ್ಯಾಂಡಿಂಗ್‌ಗಳ ಸಂಖ್ಯೆ ಆರರಿಂದ ಎರಡಕ್ಕೆ ಇಳಿಯಿತು. ಆಗ ಇದ್ದವರು ಸಾಲಲಿಲ್ಲ. 200 ಗಂಟೆ ಹಾರಿದ ಹುಡುಗರಿಗೆ ಕೊರತೆ ಇಲ್ಲ. ಕೊರತೆ ಇರುವುದು ಕ್ಯಾಪ್ಟನ್‌ಗಳದ್ದು. ಅವರು ಕಾಲೇಜಿನಿಂದ ನೇರ ಬರುವುದಿಲ್ಲ.

ಚಿಕ್ಕಪ್ಪ: ಈಗ ನನ್ನ ಲೆಕ್ಕ ಕೇಳಿ. ಬ್ಯಾಂಕಿನಲ್ಲಿ ಸಾಲದ ಸೆಕ್ಷನ್‌ನಲ್ಲೇ ಕೂದಲು ಬೆಳ್ಳಗಾಗಿದೆ. ಲೈಸೆನ್ಸ್, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ತರಬೇತಿ) ಎಲ್ಲಾ ಸೇರಿ 80 ಲಕ್ಷ ಇಟ್ಟುಕೊಳ್ಳೋಣ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕು. ಶೇ. 11 ಬಡ್ಡಿ, 10 ವರ್ಷ ಅಂದರೆ ಇಎಂಐ 1 ಲಕ್ಷ 10 ಸಾವಿರ. ಕೆಲಸ ಸಿಗುವ ತನಕ ಬರೀ ಬಡ್ಡಿಯೇ ವರ್ಷಕ್ಕೆ 8 ಲಕ್ಷ 80 ಸಾವಿರ. ಇರುವುದು ಒಂದು ಸೈಟು.

ಚಿಕ್ಕಮ್ಮ: ಅದು ಮಗಳ ಮದುವೆಗೆ ಅಂತ ಇಟ್ಟಿದ್ದು.

ಅತ್ತೆ: ನಾನು ಮತ್ತೆ ಕೂತು ಲೆಕ್ಕ ಹಾಕಿದೆ. ಏಳು ವರ್ಷ ಕೋ-ಪೈಲಟ್, ವರ್ಷಕ್ಕೆ 30 ಲಕ್ಷ, ಒಟ್ಟು 2 ಕೋಟಿ 10 ಲಕ್ಷ. ಉಳಿದ 33 ವರ್ಷ ಕ್ಯಾಪ್ಟನ್, ಸರಾಸರಿ ತಿಂಗಳಿಗೆ 6 ಲಕ್ಷ, 23 ಕೋಟಿ 76 ಲಕ್ಷ. ಎರಡೂ ಸೇರಿ 26 ಕೋಟಿ ಹತ್ತಿರ. 50 ಲಕ್ಷ ದಾಟಿದವರಿಗೆ ತೆರಿಗೆಯ ಮೇಲೆ ಸರ್‌ಚಾರ್ಜ್ ಬೇರೆ. ವರ್ಷಕ್ಕೆ 72 ಲಕ್ಷ ಬಂದರೆ 20 ಲಕ್ಷದಷ್ಟು ಹೋಯಿತು. ಕೈಗೆ ಬರುವುದು ಸುಮಾರು 19 ಕೋಟಿ. ಅಣ್ಣ, ನಿನ್ನ ಕಾರ್ಡಿನ ಸರಿಯಾಗಿ ಅರ್ಧ!

ದೊಡ್ಡಪ್ಪ: 19 ಕೋಟಿ ಏನು ಕಮ್ಮಿಯಾ? ನಾನು ರಿಟೈರ್ ಆದಾಗ ಎಷ್ಟಿತ್ತು ಅಂತ ಎಲ್ಲರಿಗೂ ಗೊತ್ತು.

ಅಭಿ: 👆 ಅದೇ

ದೊಡ್ಡಪ್ಪ: ಮೂರು ವರ್ಷ ಕೆಲಸಕ್ಕೆ ಕಾದರೂ ಏನು ಮುಳುಗಿತು? ಕೋ-ಪೈಲಟ್ ಸಂಬಳ ಮೂರು ವರ್ಷ, 90 ಲಕ್ಷ. ಅಷ್ಟೇ ತಾನೇ?

ರಮ್ಯಾ: ಅಷ್ಟೇ ಅಲ್ಲ ದೊಡ್ಡಪ್ಪ. ನಿವೃತ್ತಿಗೆ 65ರಲ್ಲಿ ಗೂಟ ಹೊಡೆದಾಗಿದೆ. ಅಮೆರಿಕದಲ್ಲಿ 67ಕ್ಕೆ ಏರಿಸಲು ನೋಡಿದರು, 2024ರ ಕಾನೂನಿನಲ್ಲಿ ಅದು ಸೇರಲಿಲ್ಲ. ಮೂರು ವರ್ಷ ತಡವಾಗಿ ಸೇರಿದರೂ ಏಳು ವರ್ಷ ಕೋ-ಪೈಲಟ್ ಆಗಿಯೇ ಇರಬೇಕು. ಕಳೆದುಕೊಳ್ಳುವುದು ಕ್ಯಾಪ್ಟನ್ ಆಗಿ ದುಡಿಯಬಹುದಾಗಿದ್ದ ಮೂರು ವರ್ಷ. ಅತ್ತೆಯ ಲೆಕ್ಕದಲ್ಲೇ 2 ಕೋಟಿ 16 ಲಕ್ಷ.

ಅತ್ತೆ: ಸರಿ ಇದೆ. ಫುಲ್ ಮಾರ್ಕ್ಸ್.

ಚಿಕ್ಕಪ್ಪ: ರಮ್ಯಾ, ಅದು ಕಾಗದದ ಮೇಲೆ. ಇವನಿಗೆ 62 ಆದಾಗ ಬರುವ 72 ಲಕ್ಷ ತೆಗೆದುಕೊಂಡು ನಾನೇನು ಮಾಡಲಿ? ಇಎಂಐ ಕಟ್ಟಬೇಕಿರುವುದು ಇವನಿಗೆ 23 ಆದಾಗ. ನನಗೆ ಹೆದರಿಕೆ ಇರುವುದು ಮೊದಲ ಐದು ವರ್ಷದ್ದು.

ರಮ್ಯಾ: ಅದು ನ್ಯಾಯ ಚಿಕ್ಕಪ್ಪ. ನನಗೂ ಆ ಹೆದರಿಕೆ ಇತ್ತು. ಅದಕ್ಕೇ ಸಾಲದ ಮಾತಿಗಿಂತ ಮೊದಲು ಮೆಡಿಕಲ್ ತಪಾಸಣೆ ಮಾಡಿಸಿ. ಕೆಲವರು ಲಕ್ಷಗಟ್ಟಲೆ ಫೀಸು ಕಟ್ಟಿದ ಮೇಲೆ ಕ್ಲಾಸ್ 1 ಅನ್ನುವ ಕಠಿಣ ತಪಾಸಣೆಯಲ್ಲಿ ಫೇಲಾಗಿದ್ದಾರೆ. ಮೊದಲು ವಿಮಾನಯಾನ ನಿಯಂತ್ರಕ ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ್ ಹತ್ತಿರ ಕ್ಲಾಸ್ 2 ತಪಾಸಣೆ. ಅದಾದ ಮೇಲೆ ಕ್ಲಾಸ್ 1. ಅದನ್ನು ಬೆಂಗಳೂರಿನಲ್ಲೇ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಮಾಡಿಸಬಹುದು.

ಅತ್ತೆ: ಇವನು ಕನ್ನಡಕ ಹಾಕುತ್ತಾನಲ್ಲ?

ರಮ್ಯಾ: ಕನ್ನಡಕ ಹಾಕಿಕೊಂಡು ಸರಿಯಾಗಿ ಕಂಡರೆ ತೊಂದರೆ ಇಲ್ಲ ಅತ್ತೆ. ಬಣ್ಣ ಗುರುತಿಸಲು ಆಗದಿದ್ದರೆ ಕಷ್ಟ. ಕೆಲಸ ಸಿಕ್ಕ ಮೇಲೂ ವರ್ಷಕ್ಕೊಮ್ಮೆಯಾದರೂ ಮೆಡಿಕಲ್, 60 ದಾಟಿದರೆ ಆರು ತಿಂಗಳಿಗೊಮ್ಮೆ. ಫೇಲಾದರೆ ಹಾರುವಂತಿಲ್ಲ. ಅದಕ್ಕೆ ಲೈಸೆನ್ಸ್ ಹೋದರೆ ದುಡ್ಡು ಕೊಡುವ ವಿಮೆ ಇದೆ. ಆ ಪ್ರೀಮಿಯಂ ಕೂಡ ಕಾರ್ಡಿನಲ್ಲಿ ಇಲ್ಲ 😄

ಚಿಕ್ಕಪ್ಪ: ಮೆಡಿಕಲ್ ಖರ್ಚು ನಾನು ಕೊಡುತ್ತೇನೆ. ಸೈಟಿನ ಮಾತು ಆಮೇಲೆ. ಅಭಿ, ಸಿಇಟಿ ಬರೆಯಲೇಬೇಕು.

ಅಭಿ: ಆಯ್ತು ಅಪ್ಪ. ಅಕ್ಕ, ಕ್ಲಾಸ್ 2 ಯಾವಾಗ ಮಾಡಿಸಬಹುದು?

ರಮ್ಯಾ: ಪರೀಕ್ಷೆ ಮುಗಿದ ಮರುದಿನ ಬೇಕಾದರೂ ಹೋಗು.

ಚಿಕ್ಕಪ್ಪ: ಅಣ್ಣ, ಆ ಕಾರ್ಡನ್ನು ಬೀಗರ ಗುಂಪಿಗೆ ಮಾತ್ರ ಹಾಕಬೇಡ.

ದೊಡ್ಡಪ್ಪ: ಬೆಳಿಗ್ಗೆಯೇ ಹಾಕಿದೆನಲ್ಲಪ್ಪ.