ಸಂಬಂಧವೇ ಇಲ್ಲದ ಕ್ಲಾಸ್‌ಗಳಲ್ಲಿ ಇರೋ ಒಂದೇ ಹೆಸರಿನ ಮೆಥಡ್‌ನ ಒಟ್ಟಿಗೆ ಕರೆಯೋದು ಹೇಗೆ?

ಮಂಡಿಲೆಕ್ಕ:

ನಮಸ್ಕಾರ ಎಲ್ರಿಗೂ. ಜಾವಾ 17ರಲ್ಲಿ ಒಂದು ಅಡಿಕೆ ಮಂಡಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡ್ತಿದೀನಿ, ಒಬ್ನೇ. ರೈತ, ಲಾರಿ, ಖರೀದಿದಾರ ಅಂತ ಮೂರು ಕ್ಲಾಸ್ (ಒಂದು ಬಗೆಯ ಡೇಟಾ, ಅದರ ಕೆಲಸ ಒಟ್ಟಿಗೆ ಇಡೋ ಅಚ್ಚು) ಇದೆ, ಬೇರೆ ಬೇರೆ ಟೈಮಲ್ಲಿ ಬರ್ದಿದ್ದು, ಒಂದಕ್ಕೊಂದು ಯಾವ ಸಂಬಂಧನೂ ಇಲ್ಲ. ಆದ್ರೆ ಮೂರರಲ್ಲೂ ಗೆಟ್‌ಬಾಕಿ ಅಂತ ಮೆಥಡ್ (ಕರೆದ್ರೆ ಬಾಕಿ ಎಷ್ಟು ಅಂತ ಹೇಳೋ ಕೋಡ್) ಇದೆ, ಮೊಬೈಲ್ ನಂಬರ್ ಇದೆ, ತಿಂಗಳ ಕೊನೇಲಿ ಮೂರೂ ಕಡೆಗೆ ಎಸ್ಸೆಮ್ಮೆಸ್ ಹೋಗ್ಬೇಕು. ಎಲ್ಲಾ ಒಂದೇ ಲಿಸ್ಟಿಗೆ ಹಾಕಿ ಲೂಪ್ ತಿರುಗಿಸೋಣ ಅಂತ ಯಾವ ಕ್ಲಾಸಿನದ್ದಾದ್ರೂ ಹಿಡಿಸೋ ಆಬ್ಜೆಕ್ಟ್ ಟೈಪಿನ ಲಿಸ್ಟ್ ಮಾಡ್ದೆ, ಒಳಗೆ ಗೆಟ್‌ಬಾಕಿ ಕರೆದ ತಕ್ಷಣ ಕಂಪೈಲರ್ 'ಕೆನಾಟ್ ಫೈಂಡ್ ಸಿಂಬಲ್' (ಈ ಹೆಸರು ಸಿಗ್ತಿಲ್ಲ) ಅಂತ ಎರರ್ ಕೊಡತ್ತೆ. ಮೆಥಡ್ ಮೂರರಲ್ಲೂ ಇದೆ, ಆದ್ರೂ ಸಿಗಲ್ಲ ಅಂದ್ರೆ ಹೇಗೆ?

ಸದ್ಯಕ್ಕೆ ಇನ್‌ಸ್ಟನ್ಸ್‌ಆಫ್ ಹಾಕಿ, ಇದು ರೈತನಾ, ಇಲ್ಲಾಂದ್ರೆ ಲಾರಿನಾ, ಇಲ್ಲಾಂದ್ರೆ ಖರೀದಿದಾರನಾ ಅಂತ ಇಫ್-ಎಲ್ಸ್ ಏಣಿ ಕಟ್ಟಿದೀನಿ, ಅದೇ ಏಣಿ ಆರು ಕಡೆ ಕಾಪಿ ಆಗಿದೆ. ಹೋದ ತಿಂಗಳು ಗೋಡೌನ್ ಅಂತ ನಾಲ್ಕನೇ ಕ್ಲಾಸ್ ಬಂತು, ಐದು ಕಡೆ ಸೇರಿಸ್ದೆ ಒಂದು ಕಡೆ ಮರ್ತೆ, ತಿಂಗಳ ರಿಪೋರ್ಟಲ್ಲಿ ಗೋಡೌನ್ ಬಾಡಿಗೆ ಬರ್ಲೇ ಇಲ್ಲ, ಮಂಡಿಯವರು ಎರಡು ದಿನ ಕೂತು ಕೈಬರಹದ ಪುಸ್ತಕದ ಜೊತೆ ತಾಳೆ ಹಾಕಿ ಹುಡುಕಿದ್ರು. ತುಂಬಾ ಬೇಜಾರಾಯ್ತು. ಫ್ರೆಂಡ್ ಒಬ್ಬ ಎಲ್ಲಾನೂ ಒಂದೇ ಬೇಸ್ ಕ್ಲಾಸ್ (ಉಳಿದವೆಲ್ಲಾ ಅದರಿಂದ ಪಡೆಯೋ ಮೂಲ ಕ್ಲಾಸ್) ಕೆಳಗೆ ತಂದುಬಿಡು ಅಂತಾನೆ. ಅದು ಸರಿನಾ?

ತುಂಗಾತೀರ:

ಮೊದ್ಲು ಎರರ್ ಯಾಕೆ ಬರತ್ತೆ ಅನ್ನೋದು. ಜಾವಾ ಕಂಪೈಲರ್ ನೋಡೋದು ವೇರಿಯಬಲ್ ಯಾವ ಟೈಪ್ ಅಂತ ಡಿಕ್ಲೇರ್ ಮಾಡಿದೀರಿ ಅನ್ನೋದನ್ನ, ರನ್ ಆಗುವಾಗ ಅದರೊಳಗೆ ಯಾರು ಕೂತಿರ್ತಾರೆ ಅನ್ನೋದನ್ನಲ್ಲ. ಆಬ್ಜೆಕ್ಟ್ ಅಂತ ಹೇಳಿದ್ರೆ ಅದಕ್ಕೆ ಗೊತ್ತಿರೋದು ಟುಸ್ಟ್ರಿಂಗ್, ಈಕ್ವಲ್ಸ್ ತರದ್ದು ಕೆಲವೇ. ಇನ್ನೊಂದು ವಿಷ್ಯ, ಜಾವಾದಲ್ಲಿ ಎರಡು ಕ್ಲಾಸಲ್ಲಿ ಒಂದೇ ಹೆಸರಿನ ಮೆಥಡ್ ಇದ್ದ ಮಾತ್ರಕ್ಕೆ ಅವು ಒಂದೇ ಜಾತಿ ಆಗಲ್ಲ, ನೀವು ಬಾಯಿಬಿಟ್ಟು ಹೇಳ್ಬೇಕು. ಹೇಳೋ ದಾರಿನೇ ಇಂಟರ್ಫೇಸ್, ಅಂದ್ರೆ ಯಾವ ಯಾವ ಮೆಥಡ್ ಇರ್ಲೇಬೇಕು ಅನ್ನೋ ಪಟ್ಟಿ.

ಬಾಕಿದಾರ ಅಂತ ಒಂದು ಇಂಟರ್ಫೇಸ್ ಮಾಡಿ, ಒಳಗೆ ಎರಡೇ ಸಾಲು, ಗೆಟ್‌ಬಾಕಿ ಮತ್ತೆ ಗೆಟ್‌ಮೊಬೈಲ್. ನಾಲ್ಕೂ ಕ್ಲಾಸಿನ ತಲೇಲಿ ಇಂಪ್ಲಿಮೆಂಟ್ಸ್ ಬಾಕಿದಾರ ಅಂತ ಸೇರಿಸಿ, ಲಿಸ್ಟನ್ನ ಬಾಕಿದಾರ ಟೈಪಿಗೆ ಬದಲಾಯಿಸಿ. ಏಣಿ ಆರೂ ಕಡೆ ಹೋಗತ್ತೆ. ನಾಳೆ ಐದನೇ ಕ್ಲಾಸ್ ಬಂದು ಅದ್ರಲ್ಲಿ ಗೆಟ್‌ಬಾಕಿ ಬರಿಯೋಕೆ ಮರೆತ್ರೆ ಕಂಪೈಲೇ ಆಗಲ್ಲ, ಅಂದ್ರೆ ತಪ್ಪು ಮಂಡಿಗೆ ಹೋಗೋ ಮೊದ್ಲೇ ನಿಮ್ಮ ಟೇಬಲ್ ಮೇಲೆ ಸಿಗತ್ತೆ.

ಪ್ರಾಪರ್ಟಿ, ಅಂದ್ರೆ ಮೊಬೈಲ್ ನಂಬರ್ ತರದ ಡೇಟಾ, ಅದರ ವಿಷ್ಯದಲ್ಲಿ ಒಂದು ತೊಡಕಿದೆ. ಜಾವಾ ಇಂಟರ್ಫೇಸಲ್ಲಿ ಫೀಲ್ಡ್ ಬರೆದ್ರೆ ಅದು ತಾನಾಗೇ ಪಬ್ಲಿಕ್ ಸ್ಟ್ಯಾಟಿಕ್ ಫೈನಲ್ ಆಗ್ಬಿಡತ್ತೆ, ಅಂದ್ರೆ ಎಲ್ಲರಿಗೂ ಒಂದೇ, ಬದಲಾಗದ್ದು, ಒಬ್ಬೊಬ್ಬ ರೈತನಿಗೆ ಬೇರೆ ಬೇರೆ ಮೊಬೈಲ್ ನಂಬರ್ ಅಲ್ಲಿ ಇಡೋಕಾಗಲ್ಲ. ಅದಕ್ಕೇ ಗೆಟ್ಟರ್, ಅಂದ್ರೆ ಗೆಟ್‌ಮೊಬೈಲ್ ತರ ಡೇಟಾ ತಂದುಕೊಡೋ ಮೆಥಡ್. ಸಿ ಶಾರ್ಪ್‌ನಲ್ಲಾದ್ರೆ ಇಂಟರ್ಫೇಸಲ್ಲೇ ಪ್ರಾಪರ್ಟಿ ಕೇಳ್ಬಹುದು.

ಬೇಸ್ ಕ್ಲಾಸ್ ಬೇಡ. ಲಾರಿ ಮತ್ತೆ ರೈತ ಇಬ್ರೂ ಯಾವುದರ ಒಂದು ಬಗೆ ಅಂತ ಕೇಳ್ಕೊಂಡ್ರೆ ಉತ್ತರ ಇಲ್ಲ. ಜಾವಾ ಕ್ಲಾಸಿಗೆ ಇರೋದು ಒಂದೇ ಎಕ್ಸ್‌ಟೆಂಡ್ಸ್, ಅಂದ್ರೆ ಒಂದೇ ಬೇಸ್ ಕ್ಲಾಸ್, ಅದನ್ನ ಎಸ್ಸೆಮ್ಮೆಸ್ ಕಳ್ಸೋ ಅನುಕೂಲಕ್ಕೆ ಖರ್ಚು ಮಾಡ್ಬೇಡಿ. ಜಾವಾ ಲೈಬ್ರರಿಲೇ ಈ ತಪ್ಪು ಇದೆ ನೋಡಿ, ಸ್ಟ್ಯಾಕ್ ಕ್ಲಾಸನ್ನ ವೆಕ್ಟರ್ ಅನ್ನೋ ಪಟ್ಟಿ ಕ್ಲಾಸ್ ಕೆಳಗೆ ಇಟ್ರು, ಮೇಲಿಂದ ಮಾತ್ರ ಇಡ್ಬೇಕಾದ ಸ್ಟ್ಯಾಕಿನ ಮಧ್ಯಕ್ಕೂ ಸಾಮಾನು ತುರುಕೋ ಹಾಗಾಯ್ತು, ಇವತ್ತಿಗೂ ತೆಗೆಯೋಕಾಗಿಲ್ಲ.

ಬಯಲುಸೀಮೆಯವ:

ತುಂಗಾತೀರ ಹೇಳಿದ್ದು ಸರಿ, ನಾನೂ ಇಂಟರ್ಫೇಸೇ ಅಂತೀನಿ. ಆದ್ರೆ ಅದನ್ನ ಹಾಕೋ ಮೊದ್ಲು ಒಂದು ಪ್ರಶ್ನೆ ಕೇಳ್ಲೇಬೇಕು. ಮೂರೂ ಕಡೆ ಬಾಕಿ ಅಂದ್ರೆ ಅರ್ಥ ಒಂದೇನಾ? ರೈತನ ಬಾಕಿ ಅಂದ್ರೆ ಮಂಡಿ ಅವನಿಗೆ ಕೊಡಬೇಕಾದದ್ದು, ಖರೀದಿದಾರನ ಬಾಕಿ ಅಂದ್ರೆ ಅವನಿಂದ ಮಂಡಿಗೆ ಬರಬೇಕಾದದ್ದು. ಹೆಸರು ಒಂದೇ ದಿಕ್ಕು ಉಲ್ಟಾ. ಇಂಟರ್ಫೇಸ್ ಹಾಕಿದ ಮೇಲೆ ಕಂಪೈಲರ್ ಹೆಸರು, ಟೈಪ್ ಹೊಂದತ್ತಾ ಅಂತ ಅಷ್ಟೇ ನೋಡೋದು, ಲೂಪ್ ಎರಡನ್ನೂ ಕೂಡಿಸಿ ಒಂದು ಮೊತ್ತ ಕೊಡತ್ತೆ, ಎರರ್ ಬರಲ್ಲ, ಲೆಕ್ಕ ಮಾತ್ರ ಸುಳ್ಳು.

ನಾನು ಇದನ್ನ ತೂಕದ ವಿಷ್ಯದಲ್ಲಿ ಅನುಭವಿಸಿದೀನಿ. ಚೀಲದ ಕ್ಲಾಸಲ್ಲಿ ಗೆಟ್‌ತೂಕ ಅಂದ್ರೆ ಒಳಗಿನ ಮಾಲಿನ ತೂಕ, ಗಾಡಿ ಕ್ಲಾಸಲ್ಲಿ ಗೆಟ್‌ತೂಕ ಅಂದ್ರೆ ಖಾಲಿ ಗಾಡಿ ತೂಕ. ಎರಡಕ್ಕೂ ಒಂದೇ ಇಂಟರ್ಫೇಸ್ ಹಾಕಿದ್ದೆ, ಬೇರೆ ಯಾರೋ ಅದನ್ನ ನಂಬಿ ಲೂಪಲ್ಲಿ ಕೂಡಿಸಿದ್ರು. ಅವರ ತಪ್ಪೇನೂ ಇರ್ಲಿಲ್ಲ, ನಂಬೋ ಹಾಗೆ ಬರ್ದಿದ್ದು ನಾನು.

ಹಾಗಾಗಿ ಗೆಟ್‌ಬಾಕಿ ಅನ್ನೋ ಹೆಸರೇ ಬಿಡಿ, ಮಂಡಿ ಕೊಡಬೇಕಾದದ್ದು ಅಂತ ದಿಕ್ಕು ಗೊತ್ತಾಗೋ ಹೆಸರಿಡಿ, ಖರೀದಿದಾರ ಕ್ಲಾಸ್ ತನ್ನೊಳಗೇ ಅದಕ್ಕೆ ಮೈನಸ್ ಹಾಕಿ ಕೊಡ್ಲಿ. ಹಣ ಎಲ್ಲಾ ಕಡೆ ಬಿಗ್‌ಡೆಸಿಮಲ್ (ದಶಮಾಂಶ ನಿಖರವಾಗಿ ಇಡೋ ಟೈಪ್) ಇರ್ಲಿ, ಒಂದು ಕಡೆ ಡಬಲ್ (ಅಂದಾಜು ದಶಮಾಂಶ) ಒಂದು ಕಡೆ ಇಂಟ್ (ಪೂರ್ಣಾಂಕ) ಇದ್ರೆ ಪೈಸೆ ಜಗಳ ಶುರುವಾಗತ್ತೆ.

ಮಂಡಿಲೆಕ್ಕ:

ಬಯಲುಸೀಮೆಯವ ಸಾರ್, ನಿಮ್ಮ ಮಾತು ಓದಿ ಈಗಷ್ಟೇ ಕೋಡ್ ತೆಗ್ದು ನೋಡ್ದೆ. ಏಣಿ ಒಳಗೆ ಖರೀದಿದಾರನ ಸಾಲಲ್ಲಿ ಮಾತ್ರ ಒಂದು ಮೈನಸ್ ಇದೆ, ನಾನೇ ಎಂದೋ ಹಾಕಿದ್ದು. ಆರರಲ್ಲಿ ಐದು ಕಡೆ ಇದೆ, ದಿನದ ಸಾರಾಂಶದಲ್ಲಿ ಇಲ್ಲ. ಇಷ್ಟು ದಿನ ಆ ಸಾರಾಂಶ ತಪ್ಪೇ ಬರ್ತಿತ್ತು ಅಂತ ಆಯ್ತು. ಇವತ್ತೇ ಮಂಡಿಗೆ ಫೋನ್ ಮಾಡಿ ಹೇಳ್ತೀನಿ.

ಇನ್ನೆರಡು ಅನುಮಾನ. ತೂಕದ ಮಷೀನಿನ ಕ್ಲಾಸ್ ಜಾರ್ ಫೈಲಲ್ಲಿ (ಬೇರೆಯವರು ಕಂಪೈಲ್ ಮಾಡಿಟ್ಟ ಕಟ್ಟು) ಬರತ್ತೆ, ಅದರ ತಲೇಲಿ ಇಂಪ್ಲಿಮೆಂಟ್ಸ್ ಬರಿಯೋಕೆ ನನಗಾಗಲ್ಲ, ಏನ್ಮಾಡ್ಲಿ? ಮತ್ತೆ ಎಸ್ಸೆಮ್ಮೆಸ್ ಸಾಲು ರೆಡಿ ಮಾಡೋ ಕೋಡ್ ನಾಲ್ಕೂ ಕ್ಲಾಸಲ್ಲಿ ಅಕ್ಷರಕ್ಕಕ್ಷರ ಒಂದೇ, ಅದನ್ನ ಎಲ್ಲಿಡ್ಲಿ?

ಹಾವು_ಆನೆ:

ನಾನು ಪೈಥಾನ್, ಪಿಎಚ್‌ಪಿ ಕಡೆಯವನು, ಆ ಕಡೆ ಹೇಗೆ ಅಂತ ಹೇಳ್ತೀನಿ, ಬೇರೆಯವರಿಗೂ ಉಪಯೋಗ ಆಗ್ಲಿ. ಪೈಥಾನಲ್ಲಿ ಈ ಪ್ರಶ್ನೆನೇ ಹುಟ್ಟಲ್ಲ, ಮೆಥಡ್ ಇದ್ರೆ ನಡೆಯತ್ತೆ, ಇಲ್ದಿದ್ರೆ ರನ್ ಆಗುವಾಗ ಆಟ್ರಿಬ್ಯೂಟ್ ಎರರ್. 2019ರ 3.8ರಿಂದ ಪ್ರೋಟೋಕಾಲ್ ಅಂತ ಬಂದಿದೆ, ಕ್ಲಾಸನ್ನ ಮುಟ್ಟದೇನೇ ಇಂಥ ಮೆಥಡ್ ಇರೋರೆಲ್ಲಾ ಈ ಬಗೆ ಅಂತ ಬರೀಬಹುದು, ಟೈಪ್ ಪರೀಕ್ಷೆ ಮಾಡೋ ಮೈಪೈ ತರದ ಟೂಲ್ ಓಡಿಸಿದ್ರೆ ಮೊದಲೇ ಹಿಡಿಯತ್ತೆ. ಬಯಲುಸೀಮೆಯವರು ಹೇಳಿದ ಅರ್ಥದ ತೊಂದ್ರೆ ಮಾತ್ರ ಇಲ್ಲಿ ಇನ್ನೂ ಜಾಸ್ತಿ.

ಪಿಎಚ್‌ಪಿಲಿ 5.4ರಿಂದ ಟ್ರೇಟ್ ಇದೆ, ಮೆಥಡ್ ಪ್ರಾಪರ್ಟಿ ಎರಡನ್ನೂ ಸಂಬಂಧ ಇಲ್ಲದ ಕ್ಲಾಸಿಗೆ ತಂದು ಅಂಟಿಸೋಕೆ. ಆದ್ರೆ ಟ್ರೇಟ್ ಹೆಸರು ಕೊಟ್ಟು ಇನ್‌ಸ್ಟನ್ಸ್‌ಆಫ್ ಕೇಳಿದ್ರೆ ಫಾಲ್ಸ್ ಬರತ್ತೆ, ಅದು ಟೈಪ್ ಅಲ್ಲ ಬರೀ ಕೋಡ್. ಅದಕ್ಕೆ ನಾವು ಇಂಟರ್ಫೇಸ್ ಮತ್ತೆ ಟ್ರೇಟ್ ಎರಡೂ ಜೋಡಿ ಹಾಕ್ತೀವಿ. ಟ್ರೇಟ್ ಒಳಗಿನ ಸ್ಟ್ಯಾಟಿಕ್ ಪ್ರಾಪರ್ಟಿ ಬಳಸೋ ಪ್ರತಿ ಕ್ಲಾಸಿಗೂ ಬೇರೆ ಬೇರೆ ಆಗತ್ತೆ, ಒಂದೇ ಕೌಂಟರ್ ಎಲ್ಲರೂ ಹಂಚ್ಕೋತಾರೆ ಅಂತ ಅಂದ್ಕೋಬೇಡಿ.

ತುಂಗಾತೀರ:

@ಮಂಡಿಲೆಕ್ಕ ಜಾರ್ ವಿಷ್ಯಕ್ಕೆ ಅಡಾಪ್ಟರ್ ಬರೀರಿ. ನಿಮ್ದೇ ಒಂದು ಚಿಕ್ಕ ಕ್ಲಾಸ್, ಅದು ನಿಮ್ಮ ಇಂಟರ್ಫೇಸ್ ಇಂಪ್ಲಿಮೆಂಟ್ ಮಾಡತ್ತೆ, ಒಳಗೆ ಮಷೀನಿನ ಆಬ್ಜೆಕ್ಟ್ ಇಟ್ಕೊಂಡಿರತ್ತೆ, ಕೇಳಿದ್ದನ್ನ ಅದಕ್ಕೆ ದಾಟಿಸತ್ತೆ. ಮಷೀನ್ ಗ್ರಾಂ ಲೆಕ್ಕದಲ್ಲಿ ಕೊಟ್ರೆ ಕ್ವಿಂಟಾಲಿಗೆ ತಿರುಗಿಸೋದೂ ಅಲ್ಲೇ ಇರ್ಲಿ, ಬೇರೆ ಎಲ್ಲೂ ಬೇಡ.

ಎಸ್ಸೆಮ್ಮೆಸ್ ಸಾಲಿಗೆ ಡಿಫಾಲ್ಟ್ ಮೆಥಡ್ ಸಾಕು, ಜಾವಾ 8ರಿಂದ ಇದೆ, ಇಂಟರ್ಫೇಸ್ ಒಳಗೇ ಕೋಡ್ ಬರ್ದು ಅಲ್ಲಿಂದ ಗೆಟ್‌ಮೊಬೈಲ್ ಕರೀಬಹುದು. ಎರಡು ಇಂಟರ್ಫೇಸಲ್ಲಿ ಒಂದೇ ಹೆಸರಿನ ಡಿಫಾಲ್ಟ್ ಇದ್ರೆ ಕಂಪೈಲರ್ ಒಪ್ಪಲ್ಲ, ಯಾವುದು ಬೇಕು ಅಂತ ಕ್ಲಾಸಲ್ಲಿ ನೀವೇ ಬರೀಬೇಕು. ಎಸ್ಸೆಮ್ಮೆಸ್ ಕಳಿಸಿದ ತಾರೀಕು ನೆನಪಿಟ್ಕೋಬೇಕು ಅಂತಾದ್ರೆ ಡಿಫಾಲ್ಟ್ ಸಾಲಲ್ಲ, ಆಗ ಖಾತೆ ಅಂತ ಬೇರೆ ಕ್ಲಾಸ್ ಮಾಡಿ ನಾಲ್ಕರ ಒಳಗೂ ಒಂದೊಂದು ಖಾತೆ ಇಡಿ.

ಎಲ್ಲಾ ಒಂದೇ ರಾತ್ರೀಲಿ ಬದಲಾಯಿಸ್ಬೇಡಿ. ಹೋದ ತಿಂಗಳ ಡೇಟಾ ತಗೊಂಡು ಹಳೇ ಏಣಿ, ಹೊಸ ಲೂಪ್ ಎರಡನ್ನೂ ಓಡಿಸಿ ಮೊತ್ತ ತಾಳೆ ನೋಡಿ, ಗೋಡೌನ್ ಮತ್ತೆ ಆ ಮೈನಸ್ ಬಿಟ್ರೆ ಬೇರೆ ಎಲ್ಲಾದ್ರೂ ಒಂದು ರೂಪಾಯಿ ವ್ಯತ್ಯಾಸ ಬಂದ್ರೂ ಇಲ್ಲಿ ಹಾಕಿ, ನೋಡೋಣ.

ಮಂಡಿಲೆಕ್ಕ:

ಫೋನ್ ಮಾಡಿ ಹೇಳ್ದೆ, ಸಾರಾಂಶದ ಪೇಜ್ ಸದ್ಯಕ್ಕೆ ಮುಚ್ಚಿಡಿ ಅಂದ್ರು. ಇಂಟರ್ಫೇಸ್ ಹಾಕಿ ಆಯ್ತು, ಕಂಪೈಲ್ ಮಾಡಿದ್ರೆ ಮೂರು ಎರರ್, ಲಾರಿಲಿ ಬಾಕಿ ಇಂಟ್ ಇತ್ತು, ಗೋಡೌನಲ್ಲಿ ಡಬಲ್, ಖರೀದಿದಾರನಲ್ಲಿ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರ! ರಾತ್ರಿ ಇವನ್ನ ಸರಿ ಮಾಡಿ ನಾಳೆ ತಾಳೆ ನೋಡಿ ಮೊತ್ತ ಇಲ್ಲಿ ಹಾಕ್ತೀನಿ.